ಓಮ್ ಗೊತ್ತು, ಸೀಮೆನ್ಸ್ ಲೆಕ್ಕ ಹಾಕುವುದು ಹೇಗೆ?

ಒಂದು ವಸ್ತು ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಕೇಳಿದರೆ ಉತ್ತರ ಓಮ್‌ನಲ್ಲಿ ಬರುತ್ತದೆ. ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಎಂದು ಕೇಳಿದರೆ ಸೀಮೆನ್ಸ್‌ನಲ್ಲಿ. ಇದೇ ವಾಹಕತೆ. ಶಾಲೆಯಲ್ಲಿ ಓಮ್‌ಗೇ ಜಾಸ್ತಿ ಒತ್ತು, ಅಲ್ವಾ? ಆದರೆ ಕೆಲವು ಲೆಕ್ಕ ಸೀಮೆನ್ಸ್‌ನಲ್ಲಿ ಎಷ್ಟು ಸುಲಭ ಎಂದು ಕೈಯಾರೆ ಮಾಡಿ ನೋಡಬೇಕು. ಓಮ್ ಅಳೆಯುವ ಒಂದು ಮಲ್ಟಿಮೀಟರ್, 100 ಮತ್ತು 220 ಓಮ್‌ನ ಎರಡು ರೆಸಿಸ್ಟರ್ (ಕರೆಂಟನ್ನು ತಡೆಯುವ ಪುಟ್ಟ ಬಿಡಿಭಾಗ) ಇದ್ದರೆ ಸಾಕು. ಮನೆಯ ಪ್ಲಗ್ಗಿನ ಹತ್ತಿರ ಮಾತ್ರ ಹೋಗಲೇಬೇಡಿ.

ಮೊದಲು ರೆಸಿಸ್ಟರ್ ಗುರುತಿಸಿ. ಕಂದು, ಕಪ್ಪು, ಕಂದು ಪಟ್ಟಿ ಇದ್ದರೆ 100 ಓಮ್. ಕೆಂಪು, ಕೆಂಪು, ಕಂದು ಇದ್ದರೆ 220. ಕೊನೆಯಲ್ಲಿ ಚಿನ್ನದ ಬಣ್ಣದ ಪಟ್ಟಿ ಇದ್ದರೆ ಶೇ 5ರಷ್ಟು ಆಚೀಚೆ ಆಗಬಹುದು. ಹಾಗಾಗಿ ಮೀಟರ್ 98 ತೋರಿಸಿದರೆ ಗಾಬರಿ ಬೇಡ.

ಈಗ ಮೀಟರನ್ನು ಓಮ್‌ಗೆ ತಿರುಗಿಸಿ ಒಂದೊಂದನ್ನೇ ಅಳೆಯಿರಿ. ಎರಡೂ ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿಯಬೇಡಿ. ನಿಮ್ಮ ಮೈಯೂ ಕರೆಂಟಿಗೆ ಒಂದು ದಾರಿಯೇ. ದೊಡ್ಡ ರೆಸಿಸ್ಟರ್ ಆದರೆ ಅಳತೆ ಕೆಟ್ಟುಹೋಗುತ್ತದೆ.

ಸೀಮೆನ್ಸ್ ಅಂದರೆ ಓಮ್‌ನ ತಲೆಕೆಳಗು: 1ನ್ನು ಓಮ್‌ನಿಂದ ಭಾಗಿಸಿದರೆ ಸೀಮೆನ್ಸ್, 1000ವನ್ನು ಭಾಗಿಸಿದರೆ ಅದರ ಸಾವಿರದ ಒಂದು ಭಾಗವಾದ ಮಿಲಿಸೀಮೆನ್ಸ್ ಸಿಗುತ್ತದೆ. 100 ಓಮ್‌ಗೆ 10, 220 ಓಮ್‌ಗೆ ಸುಮಾರು 4.5.

ಆಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು, ಎಡತುದಿಗಳನ್ನು ಒಟ್ಟಿಗೆ, ಬಲತುದಿಗಳನ್ನು ಒಟ್ಟಿಗೆ ಹೊಸೆಯಿರಿ. ವಾಹಕತೆಯನ್ನು ಸುಮ್ನೆ ಕೂಡಿ: 14.5 ಮಿಲಿಸೀಮೆನ್ಸ್. ವಾಪಸ್ ಓಮ್‌ಗೆ ತಂದರೆ ಸುಮಾರು 69. ಮೀಟರ್ ಹಚ್ಚಿ ನೋಡಿ, ಅದೂ ಅಲ್ಲೇ ಆಸುಪಾಸಿನಲ್ಲಿ ನಿಲ್ಲುತ್ತದೆ. ಮನೆಯಲ್ಲಿ ಗೀಸರ್, ಇಸ್ತ್ರಿಪೆಟ್ಟಿಗೆ ಎರಡೂ ಹಾಕಿದಾಗ ಆಗುವುದೂ ಇದೇ: ದಾರಿ ಹೆಚ್ಚುತ್ತದೆ, ಕರೆಂಟೂ ಹೆಚ್ಚು ಹರಿಯುತ್ತದೆ.

ಹೆಸರು ಬಂದದ್ದು ಜರ್ಮನಿಯ ವೆರ್ನರ್ ಫಾನ್ ಸೀಮೆನ್ಸ್ ಅವರಿಂದ. 1847ರಲ್ಲಿ ಮೆಕ್ಯಾನಿಕ್ ಹಾಲ್ಸ್ಕೆ ಜೊತೆ ಬರ್ಲಿನ್‌ನಲ್ಲಿ ಟೆಲಿಗ್ರಾಫ್ ಕಂಪನಿ ಕಟ್ಟಿದವರು ಅವರು. ಕೇಬಲ್ ಪರೀಕ್ಷಿಸಬೇಕೆಂದರೆ ಎಲ್ಲರೂ ಒಪ್ಪುವ ಅಳತೆ ಬೇಕಲ್ಲ? 1860ರಲ್ಲಿ ಅವರು ಪಾದರಸವನ್ನೇ ಅಳತೆಗೋಲು ಮಾಡಿದರು: ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ದಪ್ಪದ ಪಾದರಸದ ಕಂಬ, ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ತಡೆ ಇಂದಿನ ಓಮ್‌ಗಿಂತ ತುಸು ಕಡಿಮೆ. ತಡೆಯನ್ನು ಅಳೆಯಲು ಇಷ್ಟು ಶ್ರಮಪಟ್ಟವರ ಹೆಸರು ಅದರ ತಲೆಕೆಳಗಾದ ಅಳತೆಗೆ ಸಿಕ್ಕಿತು. ನನಗೆ ಇದು ತುಂಬಾ ಇಷ್ಟ.

ವೆರ್ನರ್ ಅವರ ತಮ್ಮ ವಿಲ್ಹೆಲ್ಮ್ ಇಂಗ್ಲೆಂಡಿಗೆ ಹೋಗಿ ಸರ್ ವಿಲಿಯಂ ಆದರು. ಇನ್ನೊಬ್ಬ ತಮ್ಮ ಫ್ರೀಡ್ರಿಶ್ ಜೊತೆ, ಹೊಗೆಯಲ್ಲಿ ಹೋಗುವ ಬಿಸಿಯನ್ನೇ ಮತ್ತೆ ಬಳಸುವ ಕುಲುಮೆ ಬೆಳೆಸಿದರು. 1971ರಲ್ಲಿ ಸೀಮೆನ್ಸ್ ಅಂತರರಾಷ್ಟ್ರೀಯ ಅಳತೆಮಾನವಾಯಿತು. ಕೊನೆಯ ‘ಸ್’ ಹೆಸರಿನದೇ ಭಾಗ, ಹಾಗಾಗಿ ಒಂದಾದರೂ ಸೀಮೆನ್ಸ್, ಹತ್ತಾದರೂ ಸೀಮೆನ್ಸ್.

ಹೊಲದ ಮಣ್ಣು ಪರೀಕ್ಷೆ ಕಾರ್ಡ್ ಇದ್ದರೆ ತೆಗೆದು ನೋಡಿ. ಇ.ಸಿ. (ವಿದ್ಯುತ್ ವಾಹಕತೆ) ಎಂಬ ಸಾಲಿನಲ್ಲಿ ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಎಂದಿರುತ್ತದೆ. ಡೆಸಿ ಅಂದರೆ ಹತ್ತನೇ ಒಂದು ಭಾಗ. ಮಣ್ಣಿನಲ್ಲಿ ಉಪ್ಪು ಜಾಸ್ತಿ ಕರಗಿದಷ್ಟೂ ಈ ಅಂಕಿ ಏರುತ್ತದೆ, ಬೇರಿಗೆ ನೀರು ಎಳೆದುಕೊಳ್ಳುವುದು ಕಷ್ಟವಾಗುತ್ತದೆ.