ಅಮೆರಿಕದಲ್ಲಿ ದನ ಸಾಕುತ್ತೀರಾ? ಬಿರುಗಾಳಿ, ಬರದ ಪರಿಹಾರ ಸಿಗುವುದು ಹೀಗೆ

2013ರ ಅಕ್ಟೋಬರ್ ಮೊದಲ ವಾರ. ಸೌತ್ ಡಕೋಟಾದ ಪಶ್ಚಿಮ ಭಾಗದಲ್ಲಿ ದನಗಳಿನ್ನೂ ಬೇಸಿಗೆಯ ಹುಲ್ಲುಗಾವಲಲ್ಲೇ ಇದ್ದವು. ಮೈಮೇಲೆ ಚಳಿಗಾಲದ ದಪ್ಪ ಕೂದಲು ಬಂದಿರಲಿಲ್ಲ. ಮೊದಲು ಮಳೆಗೆ ತೊಯ್ದು ತೊಪ್ಪೆಯಾದವು, ಹಿಂದೆಯೇ ಹಿಮದ ಬಿರುಗಾಳಿ ಬಂತು. ಸಾವಿರಾರು ದನಗಳು ಸತ್ತವು. ಅದೇ ಹೊತ್ತಿಗೆ ಬಜೆಟ್ ಜಗಳದಿಂದ ಫೆಡರಲ್ ಕಚೇರಿಗಳಿಗೆ ಬೀಗ ಬಿದ್ದಿತ್ತು. ಪರಿಹಾರದ ಯೋಜನೆಯ ಅವಧಿಯೂ ಮುಗಿದಿತ್ತು. ಪಾಪ, ರೈತರು ಯಾರ ಹತ್ತಿರ ಹೇಳಿಕೊಳ್ಳಬೇಕು?

2014ರ ಫಾರ್ಮ್ ಬಿಲ್ ಎಂಬ ಕೃಷಿ ಕಾಯ್ದೆ ಆ ಯೋಜನೆಯನ್ನು ಕಾಯಂ ಮಾಡಿತು. 2011ರ ಅಕ್ಟೋಬರ್‌ನಿಂದಾದ ನಷ್ಟಕ್ಕೂ ಅನ್ವಯ ಎಂದಿತು. ಆಗ ಕೈಹಿಡಿದದ್ದು ಹಿಮದಲ್ಲಿ ನಿಂತು ತೆಗೆದಿಟ್ಟಿದ್ದ ಫೋಟೋ, ಪಶುವೈದ್ಯರ ಪತ್ರ, ದನಗಳ ಲೆಕ್ಕದ ಪುಸ್ತಕ.

ನಮ್ಮೂರಲ್ಲಿ ಸಿಡಿಲಿಗೆ ಹಸು ಸತ್ತರೆ ಪಶು ಡಾಕ್ಟರು ಬರುತ್ತಾರೆ, ಪಂಚನಾಮೆ ಆಗುತ್ತದೆ. ಇಲ್ಲಿ ಯಾರೂ ತಾವಾಗಿ ಬರುವುದಿಲ್ಲ. ಕೌಂಟಿಯ (ಅಂದರೆ ನಮ್ಮ ಜಿಲ್ಲೆಯಂಥದ್ದು) ಫಾರ್ಮ್ ಸರ್ವಿಸ್ ಏಜೆನ್ಸಿ ಎಂಬ ಫೆಡರಲ್ ಕೃಷಿ ಇಲಾಖೆಯ ಕಚೇರಿಗೆ ನಾವೇ ಹೋಗಬೇಕು. ಅಲ್ಲಿನ ಕೌಂಟಿ ಕಮಿಟಿಯಲ್ಲಿ ಕೂರುವವರು ಸುತ್ತಲಿನ ರೈತರೇ ಓಟು ಹಾಕಿ ಆರಿಸಿದ ರೈತರು. ಈ ವ್ಯವಸ್ಥೆ ನನಗೆ ತುಂಬಾ ಇಷ್ಟ. ದನ ಕಳೆದುಕೊಂಡವರ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದನ ಸತ್ತಾಗ ಕೇಳಬೇಕಾದ್ದು ಮೇಲೆ ಹೇಳಿದ ಆ ಯೋಜನೆಯನ್ನೇ, ಲೈವ್‌ಸ್ಟಾಕ್ ಇಂಡೆಮ್ನಿಟಿ ಪ್ರೋಗ್ರಾಂ. ಬಿರುಗಾಳಿ, ಪ್ರವಾಹ, ಕಾಳ್ಗಿಚ್ಚಿನಂಥ ಕಾರಣಕ್ಕೆ ಸತ್ತರೆ ಮಾರುಕಟ್ಟೆ ಬೆಲೆಯ 75% ಕೊಡುತ್ತಾರೆ. ಆ ಬೆಲೆಯನ್ನು ಸರ್ಕಾರವೇ ನಿಗದಿ ಮಾಡಿರುತ್ತದೆ. ಫೆಡರಲ್ ರಕ್ಷಣೆ ಇರುವ ತೋಳದಂಥ ಪ್ರಾಣಿ ಕೊಂದಿದ್ದರೆ, 2025ರ ಕಾಯ್ದೆ ಬಂದ ಮೇಲೆ ಪೂರ್ತಿ 100%.

ಬಹಳ ಜನ ಎಡವುವುದು ಲೆಕ್ಕದಲ್ಲಿ. ಯಾವ ಮಂದೆಯಲ್ಲಾದರೂ ವರ್ಷಕ್ಕೆ ಒಂದಿಷ್ಟು ಸಾವು ಸಹಜ ಅಲ್ವಾ? ಅಷ್ಟನ್ನು ಕಳೆದೇ ಹಣ ಕೊಡುತ್ತಾರೆ. ಆ ಮಿತಿ 2% ಅಂತಿಟ್ಟುಕೊಳ್ಳಿ. ನೂರು ಹಸುಗಳಲ್ಲಿ 12 ಸತ್ತರೆ 10ಕ್ಕೆ ಪರಿಹಾರ. ಅಂದರೆ ಬಿರುಗಾಳಿಯ ಹಿಂದಿನ ದಿನ ಎಷ್ಟು ದನ ಇದ್ದವು ಎಂಬುದಕ್ಕೂ ದಾಖಲೆ ಬೇಕು. ಕೊಂಡ ರಸೀದಿ, ಲಸಿಕೆಯ ಬಿಲ್ಲು, ಬ್ಯಾಂಕ್ ಸಾಲದ ಕಾಗದ, ಯಾವುದನ್ನೂ ಎಸೆಯಬೇಡಿ.

ಬರಗಾಲದಲ್ಲಿ ಮೇವು ಒಣಗಿದರೆ ಬೇರೆ ಯೋಜನೆ ಇದೆ, ಲೈವ್‌ಸ್ಟಾಕ್ ಫೋರೇಜ್ ಡಿಸಾಸ್ಟರ್ ಪ್ರೋಗ್ರಾಂ. ಎಲ್ಲೆಲ್ಲಿ ಎಷ್ಟು ಬರ ಎಂದು ತೋರಿಸುವ ಡ್ರಾಟ್ ಮಾನಿಟರ್ ನಕ್ಷೆ ಪ್ರತಿ ಗುರುವಾರ ಬರುತ್ತದೆ. ಮೇಯುವ ಕಾಲದಲ್ಲಿ ನಿಮ್ಮ ಕೌಂಟಿ ಸತತ ನಾಲ್ಕು ವಾರ ಡಿ2 (ತೀವ್ರ ಬರ) ಬಣ್ಣದಲ್ಲಿದ್ದರೆ ಅರ್ಜಿ ಹಾಕಬಹುದು. ಮೊದಲು ಎಂಟು ವಾರ ಕಾಯಬೇಕಿತ್ತು. ನೀರು ಹೊತ್ತು ತಂದ ಖರ್ಚು, ಜೇನುಹುಳುಗಳ ನಷ್ಟ ಇದ್ದರೆ ಇಎಲ್‌ಎಪಿ ಎಂಬ ಮತ್ತೊಂದು ಪರಿಹಾರ ಯೋಜನೆ ಬಗ್ಗೆ ಕೇಳಿ.

ನಮ್ಮವರು ಮುಖ್ಯವಾಗಿ ಗಮನಿಸಬೇಕಾದ್ದು: ಸ್ವಂತ ಹೆಸರಲ್ಲಿ ಅರ್ಜಿ ಹಾಕಲು ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ಎಚ್‌1ಬಿ ವೀಸಾ ಸಾಲದು. ದನ ವ್ಯಾಪಾರಕ್ಕೆ ಸಾಕಿದ್ದಾಗಿರಬೇಕು. ಮನೆಯಲ್ಲಿ ಪ್ರೀತಿಗೆ ಸಾಕಿದ ಎರಡು ಮೇಕೆಗೆ ಹಣ ಬರುವುದಿಲ್ಲ.

ಅನಾಹುತ ಆಗುವ ತನಕ ಕಾಯದೆ ಈಗಲೇ ಆ ಕಚೇರಿಗೆ ಹೋಗಿ ಫಾರ್ಮ್ ನಂಬರ್ (ನಿಮ್ಮ ಜಮೀನಿಗೆ ಅವರು ಕೊಡುವ ಗುರುತಿನ ಸಂಖ್ಯೆ) ಮಾಡಿಸಿಕೊಳ್ಳಿ. ದನ ಸತ್ತರೆ ತಕ್ಷಣ ಕಚೇರಿಗೆ ಫೋನ್ ಮಾಡಿ. ಅರ್ಜಿಗೆ ಮುಂದಿನ ವರ್ಷದ ಮಾರ್ಚ್ 1ರವರೆಗೆ ಟೈಮ್ ಇದ್ದರೂ ಹೆಣ ಅಲ್ಲಿಯವರೆಗೆ ಇರುವುದಿಲ್ಲ. ಹೂಳುವ ಮುಂಚೆ ಒಂದೊಂದರ ಕಿವಿಯ ಟ್ಯಾಗ್ ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ. ಪಕ್ಕದ ರ‍್ಯಾಂಚಿನವರನ್ನೂ ಕರೆದು ತೋರಿಸಿ. ಬೇರೆ ಪುರಾವೆ ಸಿಗದಿದ್ದರೆ ಅವರ ಸಾಕ್ಷಿ ನಡೆಯುತ್ತದೆ. ಮನೆಯವರದು, ನಿಮ್ಮ ಆಳಿನದು ನಡೆಯುವುದಿಲ್ಲ.