ಕ್ಲಾಸಿನಲ್ಲಿ ಮಕ್ಕಳಿಲ್ಲದ ಎರಡು ತಿಂಗಳು: ನ್ಯಾಷನಲ್ ಬೋರ್ಡ್‌ಗೆ ಬೇಸಿಗೆಯ ತಯಾರಿ

ನನ್ನ ಮೊದಲ ಬೇಸಿಗೆಯಲ್ಲಿ ಹನ್ನೊಂದು ಪುಟ ಬರೆದೆ. ಎಲ್ಲ ದಂಡ.

ನಾನು ಅಮೆರಿಕದ ಒಂದು ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ನ್ಯಾಷನಲ್ ಬೋರ್ಡ್ ಅನ್ನೋ ಸಂಸ್ಥೆ ನುರಿತ ಶಿಕ್ಷಕರಿಗೆ ಕೊಡುವ ಪ್ರಮಾಣಪತ್ರಕ್ಕೆ ತಯಾರಿ ಶುರು ಮಾಡಿದ್ದೆ. ಜೂನ್‌ನಲ್ಲಿ ರಜೆ ಸಿಕ್ಕಿದ್ದೇ ತಡ, ಲ್ಯಾಪ್‌ಟಾಪ್ ಮುಂದೆ ಕೂತು 'ನನ್ನ ವಿದ್ಯಾರ್ಥಿಗಳಿಗೆ ಭಿನ್ನರಾಶಿ ಕಷ್ಟ' ಅಂತ ಶುರು ಮಾಡಿದ್ದೆ. ಯಾವ ವಿದ್ಯಾರ್ಥಿಗಳು? ಹೋದ ವರ್ಷದವರು ಹೈಸ್ಕೂಲಿಗೆ ಹೋಗಿಯಾಗಿತ್ತು. ಬರುವವರ ಮುಖವನ್ನೇ ನೋಡಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಆಗಸ್ಟ್‌ನಲ್ಲಿ ಮಕ್ಕಳು ಬಂದರು. ಭಿನ್ನರಾಶಿ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ತೊಡಕಿದ್ದದ್ದು ಋಣ ಸಂಖ್ಯೆಗಳಲ್ಲಿ.

ಹಾಗಾಗಿ ಮೊದಲ ಮಾತು: ಬೇಸಿಗೆಯಲ್ಲಿ ಪೋರ್ಟ್‌ಫೋಲಿಯೊ, ಅಂದರೆ ನಮ್ಮ ಪಾಠದ ಪುರಾವೆಗಳ ಕಡತ, ಬರೆಯಬೇಡಿ. ಅದಕ್ಕೆ ಬೇಕಾದ ಕೈ ಪಳಗಿಸಿಕೊಳ್ಳಿ.

ಹೊಸಬರಿಗೆ ಒಂದೆರಡು ಮಾತು. ನ್ಯಾಷನಲ್ ಬೋರ್ಡ್ ಶುರುವಾದದ್ದು 1987ರಲ್ಲಿ. ಪಾಠ ಮಾಡಲು ರಾಜ್ಯ ಕೊಡುವ ಲೈಸೆನ್ಸ್ ಬೇರೆ, ಈ ಪ್ರಮಾಣಪತ್ರ ಬೇರೆ. ಇದು ಕಡ್ಡಾಯ ಅಲ್ಲ, ನಾವೇ ಇಷ್ಟಪಟ್ಟು ತಲೆ ಮೇಲೆ ಎಳೆದುಕೊಳ್ಳುವ ಕೆಲಸ. ನಾಲ್ಕು ಕಾಂಪೊನೆಂಟ್, ಅಂದರೆ ಭಾಗ, ಇವೆ. ಮೊದಲನೆಯದು ಕಂಪ್ಯೂಟರ್ ಮೇಲೆ ಬರೆಯುವ ವಿಷಯಜ್ಞಾನದ ಪರೀಕ್ಷೆ. ಉಳಿದ ಮೂರು ಪೋರ್ಟ್‌ಫೋಲಿಯೊ: ಮಕ್ಕಳ ಕೆಲಸದ ಮಾದರಿಗಳು, ಕ್ಲಾಸಿನ ಎರಡು ವಿಡಿಯೊ, ಮತ್ತೆ ಕ್ಲಾಸಿನಾಚೆ ಪೋಷಕರು, ಸಹೋದ್ಯೋಗಿಗಳ ಜೊತೆ ಮಾಡಿದ ಕೆಲಸ. ಒಂದೊಂದಕ್ಕೆ 475 ಡಾಲರ್, ನಾಲ್ಕಕ್ಕೆ 1,900. ನೋಂದಣಿಗೆ 75 ಬೇರೆ. ಕೆಲವು ರಾಜ್ಯಗಳು ಶುಲ್ಕಕ್ಕೆ ನೆರವು ಕೊಡುತ್ತವೆ. ಕೈಯಿಂದ ದುಡ್ಡು ಹಾಕುವ ಮುಂಚೆ ನಿಮ್ಮ ಶಾಲಾ ಜಿಲ್ಲೆಯ ಕಚೇರಿಯಲ್ಲಿ ಕೇಳಿ. ನಾಲ್ಕನ್ನೂ ಒಂದೇ ವರ್ಷ ಮಾಡಬೇಕಿಲ್ಲ. ನಾನು ಎರಡು ವರ್ಷಕ್ಕೆ ಹಂಚಿಕೊಂಡೆ. ಮನೆಯಲ್ಲಿ ಪುಟ್ಟ ಮಗು ಇದ್ದವರಿಗೆ ನಾನು ಹೇಳುವುದೂ ಅದನ್ನೇ.

ಎರಡನೇ ಬೇಸಿಗೆಯಲ್ಲಿ ಬುದ್ಧಿ ಬಂದಿತ್ತು. ಮೊದಲು ನನ್ನ ವಿಷಯದ ಸ್ಟ್ಯಾಂಡರ್ಡ್ಸ್, ಅಂದರೆ ಒಳ್ಳೆಯ ಶಿಕ್ಷಕರು ಏನು ಮಾಡಬೇಕು ಅಂತ ಬೋರ್ಡ್ ಹೇಳುವ ಪುಸ್ತಕ, ಪ್ರಿಂಟ್ ಮಾಡಿಸಿದೆ. ಪರದೆ ಮೇಲೆ ಓದಿದರೆ ಕಣ್ಣು ಜಾರಿಕೊಂಡು ಹೋಗುತ್ತದೆ. ದಿನಕ್ಕೆ ನಾಲ್ಕೈದು ಪುಟ, ಜಾಸ್ತಿ ಬೇಡ. ಪ್ರತಿ ಪ್ಯಾರಾದ ಪಕ್ಕದಲ್ಲಿ ಮೂರರಲ್ಲೊಂದು ಗುರುತು: 'ಮಾಡುತ್ತೇನೆ', 'ಆಗೊಮ್ಮೆ ಈಗೊಮ್ಮೆ', 'ಇಲ್ಲ'. 'ಮಾಡುತ್ತೇನೆ' ಅಂತ ಬರೆದ ಕಡೆ ಹೋದ ವರ್ಷದ ಒಂದು ನಿಜವಾದ ಘಟನೆ ಬರೆಯಲೇಬೇಕು. ಘಟನೆ ನೆನಪಾಗದಿದ್ದರೆ ಗುರುತು ಅಳಿಸಬೇಕು. ನನ್ನದರಲ್ಲಿ ಅಳಿಸಿದ್ದೇ ಹೆಚ್ಚು. ಪೋಷಕರ ವಿಷಯದಲ್ಲಂತೂ ನಾಚಿಕೆಯಾಯಿತು. ಮಗು ತಪ್ಪು ಮಾಡಿದಾಗ ಮಾತ್ರ ಮನೆಗೆ ಫೋನ್ ಮಾಡುತ್ತಿದ್ದೆ. ನಾಲ್ಕನೇ ಕಾಂಪೊನೆಂಟ್‌ನಲ್ಲಿ ಏನು ಬದಲಿಸಿಕೊಳ್ಳಬೇಕು ಅನ್ನೋದು ಅಲ್ಲೇ ಸಿಕ್ಕಿತು.

ಇನ್ನು ಬರವಣಿಗೆ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ, ಪಾಠ ಚೆನ್ನಾಗಿ ಮಾಡುವವರೂ ಕೂಡ. ಮೇಲಿನ ಅಂಕಕ್ಕೆ ಬೋರ್ಡ್‌ನವರು ಕೇಳುವುದು ಸ್ಪಷ್ಟವಾದ, ಎಲ್ಲ ಕಡೆ ಒಂದೇ ಸಮ ಕಾಣುವ, ಮನಸ್ಸಿಗೆ ಒಪ್ಪುವಂಥ ಪುರಾವೆ. ನಾವು ಬರೆಯುವುದು 'ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು'. ಇದರಲ್ಲಿ ಪುರಾವೆ ಎಲ್ಲಿದೆ? ನಾನು ಮಕ್ಕಳ ಹಳೆಯ ನೋಟ್‌ಬುಕ್ಕಿನ ಮೂರು ಹಾಳೆ ಇಟ್ಟುಕೊಂಡು ದಿನಾ ಅರ್ಧ ಗಂಟೆ ಅಭ್ಯಾಸ ಮಾಡಿದೆ. ಒಂದು ಹಾಳೆಯಲ್ಲಿ ಹುಡುಗಿಯೊಬ್ಬಳು −3 − 5 ಅಂದರೆ 8 ಅಂತ ಬರೆದಿದ್ದಳು. ಮೊದಲು ಕಂಡದ್ದು: ಉತ್ತರ 8 ಅಂದಿದ್ದಾಳೆ, ಎರಡು ಮೈನಸ್ ಚಿಹ್ನೆಗೂ ಸುತ್ತು ಹಾಕಿದ್ದಾಳೆ. ಆಮೇಲೆ ಯಾಕೆ: 'ಮೈನಸ್ಸು ಮೈನಸ್ಸು ಪ್ಲಸ್ಸು' ಅನ್ನೋ ಗುಣಾಕಾರದ ನಿಯಮವನ್ನು ವ್ಯವಕಲನಕ್ಕೆ ಎಳೆದು ತಂದಿದ್ದಾಳೆ. ಕೊನೆಗೆ ನನ್ನ ಪಾಲು: ಆ ನಿಯಮವನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸಿದ್ದು ನಾನೇ. ಮುಂದಿನ ಸಲ ಸಂಖ್ಯಾರೇಖೆ ಮೊದಲು, ನಿಯಮ ಆಮೇಲೆ. ವಿವರಣೆ, ವಿಶ್ಲೇಷಣೆ, ಆತ್ಮವಿಮರ್ಶೆ ಅಂತ ಅವರು ಬೇರೆ ಬೇರೆ ಹೆಸರಿಟ್ಟು ಕೇಳುವುದು ಇದನ್ನೇ. ಮೂರು ವಾರ ಇದನ್ನು ಮಾಡಿದ ಮೇಲೆ 'ಉತ್ಸಾಹ' ಅನ್ನೋ ಪದ ನೋಡಿದರೆ ಸಿಟ್ಟು ಬರತೊಡಗಿತು.

ಆ ಹಾಳೆಗಳು ಅಭ್ಯಾಸಕ್ಕೆ ಮಾತ್ರ. ಮತ್ತೆ, ಮಗುವಿನದಾಗಲಿ ಶಾಲೆಯದಾಗಲಿ ಊರಿನದಾಗಲಿ ಹೆಸರು ಬರೆಯದೆ ಇರುವುದನ್ನು ಈಗಲೇ ರೂಢಿ ಮಾಡಿಕೊಳ್ಳಿ.

ಮೊದಲನೇ ಕಾಂಪೊನೆಂಟ್‌ಗೆ ಓದಿಕೊಳ್ಳಲು ಬೇಸಿಗೆಗಿಂತ ಒಳ್ಳೆಯ ಸಮಯ ಇಲ್ಲ, ಅದಕ್ಕೆ ಮಕ್ಕಳು ಬೇಕಿಲ್ಲ ಅಲ್ವಾ? ಬಹು ಆಯ್ಕೆಯ ಪ್ರಶ್ನೆಗಳ ಜೊತೆ ಬರೆದು ಉತ್ತರಿಸುವ ಮೂರು ಪ್ರಶ್ನೆ ಇರುತ್ತವೆ, ಒಂದೊಂದಕ್ಕೆ ಹೆಚ್ಚೆಂದರೆ 30 ನಿಮಿಷ. ಫೋನಿನಲ್ಲಿ ಅಲಾರಂ ಇಟ್ಟು ಟೈಪ್ ಮಾಡಿಯೇ ಅಭ್ಯಾಸ ಮಾಡಿ. ನೀವು ಪಾಠ ಮಾಡದ ಭಾಗವನ್ನು ಮೊದಲು ಓದಿ. ನನಗೆ ಅದು ಸಂಖ್ಯಾಶಾಸ್ತ್ರ. ಗೊತ್ತಿದ್ದ ಬೀಜಗಣಿತವನ್ನೇ ಮತ್ತೆ ಮತ್ತೆ ತಿರುವಿ ಹಾಕಿ ಒಂದು ವಾರ ಸುಮ್ನೆ ಕಳೆದಿದ್ದೆ.

ವಿಡಿಯೊ ಒಂದೊಂದೂ 10ರಿಂದ 15 ನಿಮಿಷ. ನಡುವೆ ಕತ್ತರಿಸಿ ಜೋಡಿಸುವ ಹಾಗಿಲ್ಲ. ಚಿತ್ರ ಹೇಗೋ ನಡೆಯುತ್ತದೆ, ಕೈ ಕೊಡುವುದು ದನಿ. ಖಾಲಿ ಕ್ಲಾಸಿಗೆ ಒಂದು ದಿನ ಹೋಗಿ, ಹಿಂದಿನ ಬೆಂಚಿನ ಹತ್ತಿರ ಯಾರನ್ನಾದರೂ ಕೂರಿಸಿ ಮೆಲ್ಲಗೆ ಮಾತಾಡಿಸಿ, ರೆಕಾರ್ಡ್ ಮಾಡಿ ಕೇಳಿ. ನನ್ನ ಮಗಳನ್ನು ಕೂರಿಸಿದ್ದೆ. ಏಸಿಯ ಗೊರಗೊರ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಮೈಕನ್ನು ಮೇಜಿನ ನಡುವೆ ಇಡಬೇಕು ಅಂತ ಜುಲೈನಲ್ಲೇ ಗೊತ್ತಾಯಿತು. ಫೆಬ್ರವರಿಯಲ್ಲಿ ಗೊತ್ತಾಗಿದ್ದರೆ ಅಳುತ್ತಿದ್ದೆ.

ಬೋರ್ಡ್‌ನ ಸೂಚನೆಗಳ ಫೈಲನ್ನು ಆ ವರ್ಷದ್ದೇ ಇಳಿಸಿಕೊಳ್ಳಿ. ಗೆಳತಿ ಕೊಟ್ಟ ಹಳೆಯದು ಬೇಡ.

ರಜೆಯ ಕೊನೆಯ ವಾರ, ಮಕ್ಕಳ ವಿಡಿಯೊ ಮತ್ತು ಕೆಲಸ ಬಳಸಲು ಪೋಷಕರ ಒಪ್ಪಿಗೆ ಪತ್ರಗಳನ್ನು ಪ್ರಿಂಟ್ ಮಾಡಿಡಿ. ಮನೆಯಲ್ಲಿ ಇಂಗ್ಲಿಷ್ ಆಡದವರಿಗೆ ಅವರ ಭಾಷೆಯಲ್ಲೂ ಕೊಡಿ. ಮೊದಲ ದಿನ ಹೇಗೂ ಹತ್ತು ಬಗೆಯ ಫಾರ್ಮ್ ಮನೆಗೆ ಹೋಗುತ್ತವೆ, ಇದೂ ಅವುಗಳ ಜೊತೆ ಹೋಗಲಿ. ಆ ವಾರ ಎಲ್ಲರೂ ಸಹಿ ಹಾಕಿ ಕಳಿಸುತ್ತಾರೆ. ಅಕ್ಟೋಬರ್‌ನಲ್ಲಿ ಕಳಿಸಿದ ಪತ್ರ ಬ್ಯಾಗಿನ ತಳ ಸೇರುತ್ತದೆ.