ಸೊಸೈಟಿ ಚಾವಣಿಗೆ ಸೋಲಾರ್: ಬ್ಯಾಂಕ್ ಸಾಲ ಇಲ್ಲದೆ ದುಡ್ಡು ಹೊಂದಿಸಿದ ನನ್ನ ಅನುಭವ

ಪುಣೆಯ ಕೊಥ್ರೂಡಿನ ನಮ್ಮ 40 ಮನೆಗಳ ಸೊಸೈಟಿಯಲ್ಲಿ ಸೋಲಾರ್ ಮಾತು ಎತ್ತಿದಾಗಲೆಲ್ಲ ‘ದುಡ್ಡು ಯಾರು ಹಾಕ್ತಾರೆ, ಸಬ್ಸಿಡಿ ಯಾವ ಕಾಲಕ್ಕೆ ಬರುತ್ತೆ’ ಅನ್ನೋದರಲ್ಲೇ ಸಭೆ ಮುಗೀತಿತ್ತು. ಈಗ ಹತ್ತು ತಿಂಗಳ ಬಿಲ್ಲು ಕೈಯಲ್ಲಿದೆ. ಲಿಫ್ಟ್, ಪಂಪು, ಮೆಟ್ಟಿಲ ದೀಪಕ್ಕೆ ತಿಂಗಳಿಗೆ 35 ಸಾವಿರದ ಆಸುಪಾಸು ಬರ್ತಿದ್ದದ್ದು 4 ಸಾವಿರಕ್ಕೆ ಇಳಿದಿದೆ. ಫಿಕ್ಸೆಡ್ ಚಾರ್ಜ್ ಇರೋದರಿಂದ ಸೊನ್ನೆ ಆಗಲ್ಲ, ಆ ಆಸೆ ಯಾರಿಗೂ ತೋರಿಸಬೇಡಿ.

ಹಾಕಿದ್ದು 540 ವ್ಯಾಟಿನ 36 ಪ್ಯಾನೆಲ್, 18ರ ಎರಡು ಸ್ಟ್ರಿಂಗ್ (ಸಾಲಾಗಿ ಜೋಡಿಸಿದ ಪ್ಯಾನೆಲ್ ಸರಣಿ), 20 ಕಿಲೋವ್ಯಾಟ್ ಇನ್ವರ್ಟರ್. ಒಟ್ಟು ಖರ್ಚು 13 ಲಕ್ಷದಷ್ಟು. ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ ಮನೆಗೆ 3 ಕಿಲೋವ್ಯಾಟ್‌ಗೆ 78,000 ಸಿಗುತ್ತೆ ಅಂತ ಎಲ್ಲರಿಗೂ ಗೊತ್ತು. ಸೊಸೈಟಿಯ ಕಾಮನ್ ಮೀಟರಿಗೆ ಲೆಕ್ಕವೇ ಬೇರೆ, ಕಿಲೋವ್ಯಾಟ್‌ಗೆ 18,000. ನಮಗೆ ಬಂದದ್ದು 3.5 ಲಕ್ಷ. ಅದೂ ಕೆಲಸ ಮುಗಿದು, ನೆಟ್ ಮೀಟರ್ (ಗ್ರಿಡ್‌ಗೆ ಕೊಟ್ಟ, ಗ್ರಿಡ್‌ನಿಂದ ತಗೊಂಡ ಯೂನಿಟ್ ಎರಡನ್ನೂ ಲೆಕ್ಕ ಇಡೋದು) ಕೂತು, ತಪಾಸಣೆ ಆದಮೇಲೆ. ಅಲ್ಲಿವರೆಗಿನ ದುಡ್ಡು ನೀವೇ ತರಬೇಕು.

ಸಿಂಕಿಂಗ್ ಫಂಡ್ ಮುಟ್ಟಲಿಲ್ಲ, ಅದು ಕಟ್ಟಡದ ದೊಡ್ಡ ದುರಸ್ತಿಗೆ ಇಟ್ಟದ್ದು. ಮನೆಗೆ 25,000ದಂತೆ ಬಡ್ಡಿಯಿಲ್ಲದ ಠೇವಣಿ ಎತ್ತಿ 10 ಲಕ್ಷ ಮಾಡಿದೆವು. ತಿಂಗಳ ಮೇಂಟೆನೆನ್ಸ್‌ನಲ್ಲಿ 750 ರೂಪಾಯಿ ಕಡಿತ ಮಾಡಿ ಅದನ್ನ ತೀರಿಸ್ತಾ ಇದ್ದೀವಿ, ಸುಮಾರು 33 ತಿಂಗಳಿಗೆ ಚುಕ್ತಾ. ಇದು ಸಾಮಾನ್ಯ ಸಭೆಯ ಠರಾವಿನಲ್ಲಿ ಅಂಕಿ ಸಮೇತ ಬರಬೇಕು. ಉಳಿದ 3 ಲಕ್ಷವನ್ನ ಕೆಲಸ ಹಿಡಿದವರು ಸಬ್ಸಿಡಿ ಬರೋವರೆಗೆ ತಡೆದುಕೊಂಡರು. ಅವರನ್ನ ಹೇಗೆ ಒಪ್ಪಿಸಿದೆವು ಅನ್ನೋದು ಮಾತ್ರ ನಮ್ಮ ಕಮಿಟಿಯೊಳಗೇ ಇರಲಿ.

ನಾಲ್ಕು ತಿಂಗಳು ತಿಂದದ್ದು ಕಾಗದ. ಕಾಮನ್ ಮೀಟರ್ ಇನ್ನೂ ಬಿಲ್ಡರ್ ಹೆಸರಲ್ಲೇ ಇತ್ತು, ಬ್ಯಾಂಕ್ ಖಾತೆ ಸೊಸೈಟಿ ಹೆಸರಲ್ಲಿ. ಹೆಸರು ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತೆ. ಮೊದಲು ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದಲ್ಲಿ ಹೆಸರು ಬದಲಾವಣೆ, ಜೊತೆಗೇ ಸ್ಯಾಂಕ್ಷನ್ಡ್ ಲೋಡ್ (ಮೀಟರಿಗೆ ಮಂಜೂರಾದ ಕಿಲೋವ್ಯಾಟ್) ಏರಿಸಿ. ಲೋಡಿಗಿಂತ ದೊಡ್ಡ ಸೋಲಾರಿಗೆ ಒಪ್ಪಿಗೆ ಸಿಗಲ್ಲ. ಇನ್ನೊಂದು, ಅಗ್ಗದ ಕೊಟೇಶನ್ ಕೊಟ್ಟವರು ಹೊರದೇಶದ ಸೆಲ್ ಇರೋ ಪ್ಯಾನೆಲ್ ಹಿಡ್ಕೊಂಡು ಬಂದಿದ್ದರು. ಡಿಸಿಆರ್ ಪ್ಯಾನೆಲ್, ಅಂದರೆ ಸೆಲ್ಲೂ ಪ್ಯಾನೆಲ್ಲೂ ಭಾರತದಲ್ಲೇ ತಯಾರಾದದ್ದು, ಅಲ್ಲದಿದ್ದರೆ ಸಬ್ಸಿಡಿ ಪೂರ್ತಿ ಹೋಗುತ್ತೆ.

ಮೊದಲ ಮಳೆಗಾಲದಲ್ಲಿ ಬೆಳಿಗ್ಗೆ ಹೊತ್ತು ಇನ್ವರ್ಟರ್ ‘ಐಸೊಲೇಶನ್ ಲೋ’ (ಕರೆಂಟ್ ನೆಲಕ್ಕೆ ಸೋರ್ತಿದೆ) ಅಂತ ಟ್ರಿಪ್ ಆಗ್ತಿತ್ತು, ಬಿಸಿಲೇರಿದರೆ ತಾನೇ ಸರಿ. ಒಂದೊಂದೇ ಸ್ಟ್ರಿಂಗ್ ಬಿಚ್ಚಿ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಉಪಕರಣ) ಹಾಕಿದಾಗ ಎರಡನೆಯದರಲ್ಲಿ ಸಿಕ್ಕಿತು: ಪ್ಯಾನೆಲ್ ತಂತಿಗಳನ್ನ ಜೋಡಿಸೋ ಎಂಸಿ4 ಕನೆಕ್ಟರ್ ಒಂದು ಕೇಬಲ್ ಟ್ರೇನ ತಗ್ಗಿನಲ್ಲಿ ನಿಂತ ನೀರಲ್ಲಿ ಮುಳುಗಿತ್ತು. ಗಂಡು ಒಂದು ಕಂಪನಿದು, ಹೆಣ್ಣು ಇನ್ನೊಂದು ಕಂಪನಿದು. ಹೆಣ್ಣಿನ ತುದಿ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಬೆಂಕಿ. ಎಲ್ಲ ಕನೆಕ್ಟರ್ ಒಂದೇ ಕಂಪನಿಯದು ಮಾಡಿಸಿ, ಬಿಸಿಲು ತಡೆಯೋ ಯುವಿ ಟೈ ಹಾಕಿ ಪ್ಯಾನೆಲ್ ಫ್ರೇಮಿಗೆ ಎತ್ತಿ ಕಟ್ಟಿದೆವು, ಟ್ರೇಗೆ ಅಡಿಯಲ್ಲಿ ತೂತು ಕೊರೆಸಿದೆವು. ಖರ್ಚು 6 ಸಾವಿರದೊಳಗೆ.

ಇನ್ವರ್ಟರಿನಲ್ಲಿ ಎರಡು ಎಂಪಿಪಿಟಿ (ಒಂದೊಂದು ಸ್ಟ್ರಿಂಗನ್ನೂ ಬೇರೆಬೇರೆಯಾಗಿ ನಡೆಸೋ ಭಾಗ) ಇದ್ದದ್ದಕ್ಕೆ ಒಂದು ಪ್ರಯೋಗವೂ ಆಯಿತು. ಫೆಬ್ರುವರಿಯಿಂದ ಮೇವರೆಗೆ ಒಂದು ಸ್ಟ್ರಿಂಗ್ ವಾರಕ್ಕೊಮ್ಮೆ ತೊಳೆದೆವು, ಇನ್ನೊಂದು ತಿಂಗಳಿಗೊಮ್ಮೆ. ವ್ಯತ್ಯಾಸ ನೂರಕ್ಕೆ 5ರಷ್ಟು. ಬೋರ್‌ವೆಲ್ ನೀರು ಬೇಡ, ಬಿಳಿ ಕಲೆ ಕೂರುತ್ತೆ. ಧೂಳಿಗಿಂತ ಪಾರಿವಾಳದ್ದೇ ಕಾಟ, ಪ್ಯಾನೆಲ್ ಸುತ್ತ ಜಾಲರಿ ಮೊದಲೇ ಹಾಕಿಸಿ.

ಸೈಜ್ ವಿಚಾರದಲ್ಲಿ ದುರಾಸೆ ಬೇಡ. ಕಿಲೋವ್ಯಾಟ್‌ಗೆ ತಿಂಗಳಿಗೆ ಸರಾಸರಿ 120 ಯೂನಿಟ್ ಹಿಡಿಯಿರಿ. ಅಂದರೆ ನಮಗೆ 2,300 ಯೂನಿಟ್, ನಮ್ಮ ಬಳಕೆಯೂ ಅಷ್ಟೇ. ಏಪ್ರಿಲ್-ಮೇ ತಿಂಗಳಲ್ಲಿ ಉಳಿದ ಯೂನಿಟ್ ಜುಲೈ-ಆಗಸ್ಟ್‌ನ ಮೋಡಕ್ಕೆ ಆಗುತ್ತೆ. ಮಾರ್ಚ್ 31ಕ್ಕೆ ಮಿಕ್ಕಿದ್ದಕ್ಕೆ ಮಾತ್ರ ಜುಜುಬಿ ದರ, ಅದಕ್ಕೇ ಚಾವಣಿಯ ಅರ್ಧ ಭಾಗ ಖಾಲಿ ಬಿಟ್ಟಿದ್ದೀವಿ.